ಅಳದ ಮಗುವಿಗೆ ಹತ್ತಕ್ಕೆ ಹತ್ತು

ಹೊಸೂರು, ೧೮ ಫೆಬ್ರವರಿ ೧೯೮೪

ಶಿಶುವಾಹನ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ, ಮಗುವನ್ನು ಕೂರಿಸಿ ತಳ್ಳುವ ಗಾಡಿಗೆ ಅಂಕ ಹಾಕುವವರು ಒಳಗಿರುವ ಮಗುವಿನ ಮುಖವನ್ನು ಒಂದು ಸಲವಾದರೂ ನೋಡಬೇಕೋ ಬೇಡವೋ?

ಕೆಲಮಂಗಲದ ಬಡಗಿ ಮುನಿಯಲ್ಲಪ್ಪ ಮಾಡಿದ ಗಾಡಿಯನ್ನು ತಾವು ನೂರಕ್ಕೆ ಮೂವತ್ತಾರು ಅಂಕ ಕೊಟ್ಟು ಫೇಲು ಮಾಡಿದ್ದೀರಿ. ಮದರಾಸಿನಿಂದ ರೈಲಿನಲ್ಲಿ ಬಂದಿಳಿದ ನೀಲಿ ಗಾಡಿಗೆ ತೊಂಬತ್ತೆರಡು ಕೊಟ್ಟು ಹಾರ ಹಾಕಿದ್ದೀರಿ. ಮಾರ್ಚಿ ತಿಂಗಳ ಒಂದನೇ ತಾರೀಕು ಅಂಥವೇ ಇಪ್ಪತ್ತನಾಲ್ಕು ನೀಲಿ ಗಾಡಿಗಳಿಗೆ ತಮ್ಮ ರುಜು ಬೀಳಲಿದೆ ಎಂದು ತಿಳಿಯಿತು. ಆ ರುಜು ಬೀಳಬಾರದು. ಯಾಕೆ ಬೀಳಬಾರದು ಎಂಬುದಕ್ಕೆ ಒಂದು ಕಾರಣ ತಮ್ಮ ಕಡೆಯಿದೆ, ಇನ್ನೊಂದು ನನ್ನ ಕಡೆಯಿದೆ. ನನ್ನ ಕಡೆಯದು ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು, ಆದ್ದರಿಂದ ಮೊದಲು ತಮ್ಮದನ್ನು ಹೇಳಿ ಸ್ವಲ್ಪ ಧೈರ್ಯ ತಂದುಕೊಳ್ಳುತ್ತೇನೆ.

ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದಾಳೆ, ಅದೂ ಪತ್ರಿಕೆಗೆ ಯಾಕೆ ಕೊಟ್ಟಳು ಎಂದು ತಾವು ಹುಬ್ಬು ಗಂಟಿಕ್ಕಬಹುದು. ತಮಿಳಿನಲ್ಲಿ ಎರಡು ಅರ್ಜಿ, ಇಂಗ್ಲಿಷಿನಲ್ಲಿ ಒಂದು ಅರ್ಜಿ ತಮ್ಮ ಕಚೇರಿಗೆ ಹೋಗಿ ಅಲ್ಲೇ ಸುಖವಾಗಿ ನಿದ್ದೆ ಹೋಗಿವೆ. ತರಕಾರಿಯನ್ನು ತೆಲುಗಿನಲ್ಲಿ ಕೊಂಡು, ಅರ್ಜಿಯನ್ನು ತಮಿಳಿನಲ್ಲಿ ಬರೆದು, ಜಗಳವನ್ನು ಕನ್ನಡದಲ್ಲಿ ಆಡುವುದು ನಮ್ಮ ಮನೆಯ ಹಳೆಯ ರೂಢಿ. ತಮಗೆ ಕನ್ನಡ ಬಾರದು ಎಂದರೆ ನಾನು ಒಪ್ಪುವುದಿಲ್ಲ. ಪರೀಕ್ಷೆಯ ದಿನ ನಮ್ಮ ಕೊಂಡಮ್ಮ ಕರಿದ ಉದ್ದಿನ ವಡೆಯನ್ನು ತಿಂದು ‘ಇನ್ನೆರಡು ಹಾಕಮ್ಮಾ’ ಎಂದು ಅಚ್ಚಗನ್ನಡದಲ್ಲಿ ಕೇಳಿದವರು ತಾವೇ ಅಲ್ಲವೇ?

ನಾನು ಯಾರು ಎಂಬುದನ್ನೂ ಹೇಳಿಬಿಡುತ್ತೇನೆ. ಹೆಸರು ಜಾನಕಮ್ಮ, ಹೊಸೂರಿನವಳೇ. ಮೂವತ್ತೊಂದು ವರ್ಷ ಸರ್ಕಾರಿ ಹೆರಿಗೆ ನರ್ಸಾಗಿದ್ದೆ. ಅಂಚೆಟ್ಟಿಯ ಕಡೆಯ ಹಳ್ಳಿಗಳಿಗೆ ಬಸ್ಸು ಇಲ್ಲದ ದಿನ ಔಷಧಿಯ ಪೆಟ್ಟಿಗೆ ಹೊತ್ತು ನಡೆದವಳು. ರಿಟೈರಾದ ಮೇಲೆ ಸುಮ್ಮನೆ ಕೂರಲಾಗದೆ, ಊರಾಚೆ ಫ್ಯಾಕ್ಟರಿಗಳು ಬಂದ ಹೊಸದರಲ್ಲಿ, ಕೆಲಸಕ್ಕೆ ಬರುವ ಹೆಂಗಸರ ಮಕ್ಕಳನ್ನು ನೋಡಿಕೊಳ್ಳುವ ಶಿಶುಮಂದಿರದ ಉಸ್ತುವಾರಿ ಹಿಡಿದೆ. ಕೊಂಡಮ್ಮ ಅಲ್ಲಿಯ ಆಯಾ. ಅವಳು ಮಕ್ಕಳನ್ನು ತೊಳೆಯುತ್ತಾಳೆ, ಇಡ್ಲಿಗೆ ರುಬ್ಬುತ್ತಾಳೆ, ಬಿಡುವಾದಾಗ ನನ್ನನ್ನು ಬೈಯುತ್ತಾಳೆ.

ನಮ್ಮ ಶಿಶುಮಂದಿರ ಇರುವುದು ಫ್ಯಾಕ್ಟರಿ ಗೇಟಿನ ಮಗ್ಗುಲಲ್ಲಿ. ಬಸ್ಸು ನಿಲ್ಲುವುದು ದೊಡ್ಡ ರಸ್ತೆಯಲ್ಲಿ. ನಡುವೆ ಒಂದು ಮೈಲಿ. ಆ ಒಂದು ಮೈಲಿಯಲ್ಲಿ ಅರ್ಧ ಜಲ್ಲಿ, ಕಾಲು ಭಾಗ ಕೆಮ್ಮಣ್ಣು, ಉಳಿದದ್ದು ಹಳ್ಳ. ಮಧ್ಯದಲ್ಲೊಂದು ರೈಲ್ವೆ ಗೇಟು. ಕೆಲಮಂಗಲದ ಬಸ್ಸು ಏಳೂವರೆಗೆ ಬಂದರೆ ಬೇಗ ಬಂತು ಎನ್ನಬೇಕು, ಎಂಟಕ್ಕೆ ಫ್ಯಾಕ್ಟರಿಯ ಸೈರನ್ ಕೂಗುತ್ತದೆ, ಕೂಗಿದ ಕೂಡಲೇ ಗೇಟು ಮುಚ್ಚುತ್ತದೆ. ಸೊಂಟದ ಮೇಲೆ ಮಗು, ಕೈಯಲ್ಲಿ ಟಿಫಿನ್ ಕ್ಯಾರಿಯರ್, ಹೆಗಲಿಗೆ ಮಗುವಿನ ಬಟ್ಟೆಯ ಚೀಲ, ಹೀಗೆ ಓಡಿ ಓಡಿ ಬರುವ ತಾಯಂದಿರನ್ನು ದಿನಾ ನೋಡಿ ನೋಡಿ ನನಗೇ ಏದುಸಿರು ಬರುತ್ತಿತ್ತು. ಬಸ್ ಸ್ಟಾಪಿನ ಹತ್ತಿರ ಒಂದು ಶೆಡ್ಡು ಹಾಕಿ ಅಲ್ಲಿ ತಳ್ಳುವ ಗಾಡಿಗಳನ್ನಿಟ್ಟರೆ ಮಗುವನ್ನು ಕೂರಿಸಿಕೊಂಡು ಬೇಗ ಬರಬಹುದಲ್ಲ ಎಂದು ಎರಡು ವರ್ಷ ಗೋಗರೆದೆ. ಕೊನೆಗೆ ಮೇಲಿನವರು ಒಪ್ಪಿದರು, ಸಮಿತಿ ಮಾಡಿದರು, ಸಮಿತಿಗೆ ಮೂವರು ಗಂಡಸರನ್ನು ನೇಮಿಸಿದರು. ಆ ಮೂವರಲ್ಲಿ ಒಬ್ಬರಾದರೂ ಮಗುವನ್ನೆತ್ತಿಕೊಂಡು ಬಸ್ಸು ಹತ್ತಿದ್ದುಂಟೇ? ಹತ್ತಿದ್ದರೆ ದಯವಿಟ್ಟು ತಿಳಿಸಬೇಕು, ಕ್ಷಮೆ ಕೇಳುತ್ತೇನೆ.

ಆ ತಾಯಂದಿರಲ್ಲಿ ರಾಮಕ್ಕ ಒಬ್ಬಳು. ಕೆಲಮಂಗಲದ ಪಕ್ಕದ ಹಳ್ಳಿಯವಳು, ಫ್ಯಾಕ್ಟರಿಯಲ್ಲಿ ಟೆಂಪರರಿ. ಅವಳ ಮಗಳಿಗೆ ಒಂಬತ್ತು ತಿಂಗಳು, ಅಜ್ಜಿಯ ಹೆಸರನ್ನೇ ಇಟ್ಟು ಗಂಗರತ್ನಮ್ಮ ಎಂದು ಕರೆದಿದ್ದಾರೆ. ಹೊತ್ತು ನಡೆಯುವವರಿಗೆ ಹೆಸರೂ ಭಾರ, ಮಗುವೂ ಭಾರ. ಎಂಟೂವರೆ ಕಿಲೋ ಇದ್ದಾಳೆ, ನಾನೇ ತೂಗಿದ್ದೇನೆ. ಬೇಗ ಕರೆಯುವುದಕ್ಕೆ ನಾವು ಗಂಗಿ ಎನ್ನುತ್ತೇವೆ.

ಗಾಡಿ ಬೇಕು ಎಂದ ಕೂಡಲೇ ನಾನು ಹೋದದ್ದು ಮುನಿಯಲ್ಲಪ್ಪನ ಹತ್ತಿರ. ಅವನು ಎತ್ತಿನ ಗಾಡಿಯ ಚಕ್ರ ಮಾಡುವ ಮನೆತನದವನು. ಈಗ ಎತ್ತಿನ ಗಾಡಿಗಳಿಗೆಲ್ಲ ಟಯರು ಬಂದು, ಮರದ ಚಕ್ರ ಕೇಳುವವರಿಲ್ಲದೆ, ಬಾಗಿಲು ಕಿಟಕಿ ಮಾಡಿಕೊಂಡಿದ್ದ. ಹೀಗೊಂದು ಗಾಡಿ ಬೇಕಪ್ಪ ಎಂದಾಗ ಅವನ ಮುಖ ನೋಡಬೇಕಾಗಿತ್ತು. ‘ಎಷ್ಟ್ ವರ್ಷ ಆಯ್ತಮ್ಮಾ ಚಕ್ರ ಕೇಳ್ಕೊಂಡ್ ಯಾರಾದ್ರೂ ಬಂದು’ ಎಂದ. ಮಾರನೆಯ ಬೆಳಿಗ್ಗೆ ಬಸ್ ಸ್ಟಾಪಿಗೆ ಬಂದು ನಿಂತು, ಇಳಿಯುವ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ, ನೆಲದಿಂದ ಮೊಣಕೈವರೆಗೆ ದಾರದಲ್ಲಿ ಅಳತೆ ತೆಗೆದ. ಏಳು ಜನರ ಅಳತೆ ತೆಗೆದು ನಡುವಿನದಕ್ಕೆ ಹಿಡಿಯನ್ನು ಕೂರಿಸಿದ. ಹಿಂದಿನ ಚಕ್ರ ಎರಡು ಗೇಣು ಎತ್ತರ, ಸುತ್ತಲೂ ಹಳೆಯ ಸೈಕಲ್ ಟಯರಿನ ಪಟ್ಟಿ. ಮಗುವಿನ ಮುಖ ತಾಯಿಯ ಕಡೆಗೆ, ಕೆಳಗೆ ಟಿಫಿನ್ ಕ್ಯಾರಿಯರಿಗೆ ಒಂದು ಗೂಡು. ಇಳಿಜಾರಿನಲ್ಲಿ ನಿಲ್ಲಿಸಬೇಕಾದರೆ ಚಕ್ರಕ್ಕೆ ಕೊಡುವ ಮರದ ತುಂಡೊಂದು ದಾರದಲ್ಲಿ ನೇತಾಡುತ್ತಿರುತ್ತದೆ, ಎತ್ತಿನ ಗಾಡಿಗೆ ಕೊಡುವ ಹಾಗೆಯೇ. ನೋಡುವುದಕ್ಕೆ ಸುಂದರವೇ? ಹೆತ್ತವರಿಗೆ ಹೆಗ್ಗಣ ಮುದ್ದು, ನನಗೆ ಸುಂದರವಾಗಿಯೇ ಕಂಡಿತು.

ಸಂಕ್ರಾಂತಿ ಕಳೆದ ವಾರ ತಮ್ಮ ಜೀಪು ಬಂತು. ಪರೀಕ್ಷೆಗೆ ತಾವು ಆರಿಸಿಕೊಂಡ ಜಾಗ ಯಾವುದು? ಪ್ರವಾಸಿ ಬಂಗಲೆಯ ಜಗಲಿ. ಕೆಂಪು ಸಿಮೆಂಟು ಬಳಿದು, ಮೇಣ ತಿಕ್ಕಿ, ಮುಖ ನೋಡಿಕೊಳ್ಳುವಷ್ಟು ನುಣುಪಾಗಿರುವ ನೆಲ. ಕುಣಿಯಲಾರದವಳು ನೆಲ ಡೊಂಕು ಎಂದಳು ಎಂಬ ಗಾದೆ ಕೇಳಿದ್ದೀರಿ. ಸ್ವಾಮೀ, ನಮ್ಮ ಗಾಡಿಗಳು ಕುಣಿಯಬೇಕಾದ ನೆಲ ನಿಜವಾಗಿಯೂ ಡೊಂಕು, ಅದಕ್ಕೆ ಲೋಕೋಪಯೋಗಿ ಇಲಾಖೆಯೇ ಸಾಕ್ಷಿ. ಡೊಂಕು ನೆಲದ ಗಾಡಿಯನ್ನು ನುಣುಪು ನೆಲದಲ್ಲಿ ಪರೀಕ್ಷೆ ಮಾಡಿದರೆ ಗೆಲ್ಲುವುದು ಯಾವುದು? ಮದರಾಸಿನ ನೀಲಿ ಗಾಡಿಯೇ ಗೆದ್ದಿತು. ಅದಕ್ಕೆ ಥಳಥಳ ಹೊಳೆಯುವ ಕಂಬಿ, ಛತ್ರಿಯಂಥ ಮಾಡು, ಕೊಂಡಮ್ಮನ ವಡೆಯಷ್ಟೇ ಅಗಲದ ನಾಲ್ಕು ಚಕ್ರ. ಒಂದು ಬೆರಳಿನಿಂದ ತಳ್ಳಿ ‘ಆಹಾ’ ಎಂದಿರಿ. ತಮ್ಮ ಜೊತೆಗಿದ್ದ ಇಬ್ಬರೂ ಒಂದೊಂದು ಬೆರಳಿನಿಂದ ತಳ್ಳಿ ಒಂದೊಂದು ‘ಆಹಾ’ ಎಂದರು.

ಆಮೇಲೆ ನಮ್ಮದು. ತಾವು ಎರಡೂ ಕೈ ಹಾಕಿ ತಳ್ಳಿದಿರಿ. ಕಂಬದ ಸುತ್ತ ಒಂದು ಸುತ್ತು ತಿರುಗಿಸುವಷ್ಟರಲ್ಲಿ ತಮ್ಮ ಹಣೆಯಲ್ಲಿ ಬೆವರು ಬಂತು. ಜನವರಿ ತಿಂಗಳು, ಹೊಸೂರು, ಬೆಳಗಿನ ಹೊತ್ತು! ಎರಡು ವಾರದ ಮೇಲೆ ಬಂದ ತಮ್ಮ ವರದಿಯ ನಾಲ್ಕು ಸಾಲನ್ನು ಓದುಗರ ಅನುಕೂಲಕ್ಕಾಗಿ ಇಲ್ಲಿ ಕನ್ನಡಿಸುತ್ತೇನೆ. ‘ನಡೆಸುವಿಕೆ: ಅತಿಭಾರ, ಸ್ತ್ರೀಯರಿಂದ ಸಾಧ್ಯವಿಲ್ಲ. ತಿರುವಿನಲ್ಲಿ ಎಡಕ್ಕೆ ಎಳೆಯುತ್ತದೆ. ವಿನ್ಯಾಸ: ನಿಲ್ಲಿಸಿದಾಗ ಒಳಗಿನಿಂದ ಗುಡುಗುಡು ಶಬ್ದ ಬರುತ್ತದೆ, ಜೋಡಣೆ ಸಡಿಲವಾಗಿರಬಹುದು. ಮಗುವಿನ ಸುಖ: ಪರೀಕ್ಷೆಯುದ್ದಕ್ಕೂ ಮಗು ಶಾಂತವಾಗಿತ್ತು, ಒಮ್ಮೆಯೂ ಅಳಲಿಲ್ಲ, ಹತ್ತಕ್ಕೆ ಹತ್ತು.’ ಈ ಕೊನೆಯ ಸಾಲನ್ನು ದಯವಿಟ್ಟು ನೆನಪಿನಲ್ಲಿಡಿ. ಮದರಾಸಿನ ಗಾಡಿಯಲ್ಲಿ ಮಗುವೇ ಇರಲಿಲ್ಲ, ಆದರೂ ಮಗುವಿನ ಸುಖಕ್ಕೆ ಎಂಟು ಕೊಟ್ಟಿದ್ದೀರಿ. ಯಾರನ್ನು ಕೇಳಿ ಕೊಟ್ಟಿರೋ ಕಾಣೆ.

ವರದಿಯ ಜೊತೆಗೆ ಎರಡು ಉಡುಗೊರೆ ಬಂದವು. ಮುನಿಯಲ್ಲಪ್ಪನ ಗಾಡಿಯ ಮಗ್ಗುಲಿಗೆ ಕೆಂಪು ಬಣ್ಣದಲ್ಲಿ ‘ರಿಜೆಕ್ಟೆಡ್’ ಎಂದು ಬರೆಯಿಸಿದಿರಿ, ಶಿಶುಮಂದಿರದ ಯಾವ ಮಗುವನ್ನೂ ಅದರಲ್ಲಿ ಕೂರಿಸಕೂಡದೆಂದು ಆಜ್ಞೆ ಮಾಡಿದಿರಿ. ಅದಕ್ಕೆ ಬದಲಾಗಿ ಒಂದು ನೀಲಿ ಗಾಡಿಯನ್ನು ಮಾದರಿಯೆಂದು ಬಸ್ ಸ್ಟಾಪಿನಲ್ಲಿ ನಿಲ್ಲಿಸಿದಿರಿ. ಮೊದಲು ಕೈಗೆ ಸಿಕ್ಕಿದ್ದು ರಾಮಕ್ಕನಿಗೆ. ಗಂಗಿಯನ್ನು ಕೂರಿಸಿ ಹೊರಟಳು. ಜಲ್ಲಿಯ ಮೇಲೆ ಗಾಡಿ ಕುಣಿದ ಕುಣಿತಕ್ಕೆ ಗಂಗಿ ಕೇಕೆ ಹಾಕಿ ನಕ್ಕಳಂತೆ, ಅವಳಿಗೇನು ಗೊತ್ತು ಪಾಪ. ರೈಲ್ವೆ ಗೇಟಿಗೆ ಬಂದಾಗ ಮುಂದಿನ ಚಕ್ರ ಕಂಬಿಯ ಸಂದಿಗೆ ಇಳಿದು ಕೂತಿತು. ಗೇಟು ಕಾಯುವ ಪಾಪಣ್ಣ ಓಡಿ ಬಂದು, ಮಗುವನ್ನು ಎತ್ತಿ ಅವಳ ಕೈಗೆ ಕೊಟ್ಟು, ಗಾಡಿಯನ್ನು ಹಿಡಿದು ಎಳೆದ. ಗಾಡಿ ಒಂದು ಕಡೆ ಬಂತು, ಚಕ್ರ ಇನ್ನೊಂದು ಕಡೆ ಬಂತು. ಪಾಪಣ್ಣ ಚಕ್ರವನ್ನು ತಿರುಗಿಸಿ ತಿರುಗಿಸಿ ನೋಡಿ, ‘ಏನಮ್ಮಾ ಇದು, ಉದ್ದಿನ್ ವಡೆನ ತಂದು ಚಕ್ರ ಅಂತ ಹಾಕವ್ರಾ?’ ಎಂದನಂತೆ.

ಅವತ್ತು ನಾನು ಶಿಶುಮಂದಿರದ ಬಾಗಿಲಲ್ಲಿ ನಿಂತಿದ್ದೆ. ದೂರದಿಂದ ರಾಮಕ್ಕ ಬರುತ್ತಿರುವುದು ಕಂಡಿತು. ಸೊಂಟದ ಮೇಲೆ ಗಂಗಿ. ಕೈಯಲ್ಲಿ ಟಿಫಿನ್ ಕ್ಯಾರಿಯರ್. ತಲೆಯ ಮೇಲೆ ಸಿಂಬೆ ಸುತ್ತಿ ಅದರ ಮೇಲೆ ತೊಂಬತ್ತೆರಡು ಅಂಕದ ಶಿಶುವಾಹನ! ‘ಏನೇ ಇದು?’ ಎಂದೆ. ‘ಏನ್ ಮಾಡ್ಲಮ್ಮಾ, ಬಂಡಿ ಕೂಸ್ನ ಹೊರ್ತದೆ ಅಂದ್ರಿ. ಈಗ ಬಂಡೀನೂ ನಾನೇ ಹೊತ್ಕೊಂಡ್ ಬಂದಿವ್ನಿ’ ಎಂದಳು. ನನಗೆ ನಗು ತಡೆಯಲಾಗಲಿಲ್ಲ, ಅವಳಿಗೂ ತಡೆಯಲಾಗಲಿಲ್ಲ. ತಮ್ಮ ವರದಿಯಲ್ಲಿ ಆ ಗಾಡಿಗೆ ‘ಎತ್ತಲು ಹಗುರ’ ಎಂದು ವಿಶೇಷ ಮೆಚ್ಚುಗೆ ಇದೆ. ಅದೊಂದು ಮಾತು ಮಾತ್ರ ಸತ್ಯ ಎಂದು ರಾಮಕ್ಕ ಪ್ರಮಾಣ ಮಾಡುತ್ತಾಳೆ.

ನಗು ಅಷ್ಟಕ್ಕೇ ನಿಂತಿತು. ಎಂಟು ಹೊಡೆದು ಹನ್ನೊಂದು ನಿಮಿಷವಾಗಿತ್ತು. ಅದು ಅವಳು ಮೂರನೆಯ ಸಲ ತಡವಾದದ್ದು. ಇನ್ನೊಂದು ಸಲ ತಡವಾದರೆ ಟೆಂಪರರಿ ಪಟ್ಟಿಯಿಂದ ಹೆಸರು ಹೊಡೆಯುತ್ತೇವೆ ಎಂದು ಸೂಪರ್‌ವೈಸರ್ ಕಾಗದ ಕೊಟ್ಟುಬಿಟ್ಟರು. ಅವಳ ಗಂಡನಿಗೆ ವರ್ಷದಲ್ಲಿ ಆರು ತಿಂಗಳು ಹೊಲದ ಕೆಲಸ, ಮಿಕ್ಕ ಆರು ತಿಂಗಳು ಆ ಮನೆ ನಡೆಯುವುದು ಈ ಹೆಂಗಸಿನ ಕೆಲಸದಿಂದ. ಅವತ್ತಿನಿಂದ ಅವಳು ಐದು ಗಂಟೆಯ ಮೊದಲ ಬಸ್ಸಿಗೆ ಬರುತ್ತಿದ್ದಾಳೆ. ಮಂಜಿನಲ್ಲಿ ಮಗುವನ್ನು ಸೆರಗಿನೊಳಗೆ ಮುಚ್ಚಿಕೊಂಡು ಎರಡು ಗಂಟೆ ಗೇಟಿನ ಹತ್ತಿರ ಕೂತಿರುತ್ತಾಳೆ. ಮಗುವಿಗೆ ನೆಗಡಿ ಹಿಡಿದಿದೆ. ತಮ್ಮ ಆಜ್ಞೆಯನ್ನು ಮೀರಿ ಕೆಂಪಕ್ಷರದ ಗಾಡಿಯನ್ನು ಕೊಡೋಣವೆಂದರೆ, ರಿಜೆಕ್ಟಾದ ಗಾಡಿಯಲ್ಲಿ ಮಗುವನ್ನು ತಂದಳು ಎಂಬ ಇನ್ನೊಂದು ಅಪರಾಧವೂ ಅವಳ ತಲೆಗೇ ಬರುತ್ತದೆ.

ಇಷ್ಟಾದ ಮೇಲೂ ನಾನು ಬಾಯಿ ಮುಚ್ಚಿಕೊಂಡೇ ಇದ್ದೆ, ಅರ್ಜಿ ಬರೆದುಕೊಂಡು. ಬಾಯಿ ತೆರೆಸಿದ್ದು ಮುನಿಯಲ್ಲಪ್ಪ. ಮೊನ್ನೆ ಅವನ ಕೊಟ್ಟಿಗೆಗೆ ಹೋದರೆ ನೆಲದ ತುಂಬ ಮರದ ಹೊಟ್ಟು. ಎರಡನೆಯ ಗಾಡಿ ಮಾಡುತ್ತಿದ್ದಾನೆ, ಅಚ್ಚಿನ ಮರವನ್ನು ಕೀಸುಳಿ ಹಿಡಿದು ಉಜ್ಜುತ್ತಿದ್ದಾನೆ. ಕಬ್ಬಿನ ಜಲ್ಲೆಯಷ್ಟು ತೆಳ್ಳಗಾಗಿದೆ. ‘ಏನಪ್ಪಾ ಇದು, ಮುರಿದು ಹೋಗೋದಿಲ್ವೆ?’ ಎಂದೆ. ತಲೆಯೆತ್ತಲಿಲ್ಲ. ‘ಭಾರ ಅಂತ ಬರ್ದವ್ರಲ್ಲಮ್ಮಾ ಸಾಹೇಬ್ರು. ನಮ್ಮಪ್ಪನ್ ಕಾಲ್ದಿಂದ ಯಾರೂ ನನ್ ಚಕ್ರ ಭಾರ ಅಂದಿರ್ಲಿಲ್ಲ. ನಂಗೇ ತೂಕ ತಪ್ಪೋಯ್ತೋ ಏನೋ’ ಎಂದ. ಆ ತೆಳ್ಳಗಿನ ಅಚ್ಚಿನ ಮೇಲೆ ನಾಳೆ ಯಾವುದೋ ತಾಯಿ ಮಗುವನ್ನು ಕೂರಿಸುತ್ತಾಳೆ, ಅದು ರೈಲ್ವೆ ಗೇಟಿನಲ್ಲಿ ಮುರಿಯುತ್ತದೆ. ಅದಕ್ಕೆ ಹೊಣೆ ಅವನಲ್ಲ, ತಾವೂ ಅಲ್ಲ.

ಆ ಗಾಡಿ ಭಾರವಾಗಿರಲಿಲ್ಲ ಮಾನ್ಯರೇ. ಅದರಲ್ಲಿ ಹದಿನೇಳು ಕಿಲೋ ಗುಂಡುಕಲ್ಲು ಇತ್ತು. ಇಟ್ಟವಳು ನಾನು.

ಇನ್ನು ಮುಚ್ಚಿಟ್ಟು ಫಲವಿಲ್ಲ, ನಡೆದದ್ದು ನಡೆದ ಹಾಗೆ ಹೇಳುತ್ತೇನೆ. ಪರೀಕ್ಷೆಯ ದಿನ ಗಂಗಿಯನ್ನೇ ಗಾಡಿಯಲ್ಲಿ ಕೂರಿಸಬೇಕೆಂದಿದ್ದೆವು. ಅವತ್ತು ರಾಮಕ್ಕನ ಬಸ್ಸು ಕೆಟ್ಟು ನಿಂತಿತು, ಅವಳ ಮೊದಲ ತಡ ಅದೇ. ತಮ್ಮ ಜೀಪು ಬರುವ ಹೊತ್ತಾಯಿತು. ಗಾಡಿ ಖಾಲಿ. ಕೊಂಡಮ್ಮ ಬಂಗಲೆಯ ಮೆಟ್ಟಿಲಿಗೆ ಅಡ್ಡ ನಿಂತುಬಿಟ್ಟಳು. ‘ಖಾಲಿ ತೊಟ್ಲು ತೂಗ್ಬಾರ್ದು, ಖಾಲಿ ಬಂಡಿ ತಳ್ಬಾರ್ದು ಕಣಮ್ಮೋ. ಅದ್ರಾಗೆ ಕೂರೋ ಕೂಸಿಗೆ ಒಳ್ಳೇದಲ್ಲ’ ಎಂದಳು. ನಾನು ಚೆನ್ನಾಗಿ ಬೈದೆ. ಈ ಕಾಲದಲ್ಲೂ ಇಂಥ ಮೂಢನಂಬಿಕೆಯೇ, ನಾಚಿಕೆಯಾಗೋದಿಲ್ವೆ ಎಂದೆಲ್ಲ, ಮೂವತ್ತೊಂದು ವರ್ಷ ಹಳ್ಳಿ ಹಳ್ಳಿಯಲ್ಲಿ ಮಾಡಿದ ಭಾಷಣವನ್ನೇ ಇನ್ನೊಂದು ಸಲ ಮಾಡಿದೆ. ಕೊಂಡಮ್ಮ ಸುಮ್ಮನೆ ಗಾಡಿಯ ಕಡೆ ನೋಡಿದಳು. ನಾನೂ ನೋಡಿದೆ.

ನಮ್ಮ ಮನೆಯಲ್ಲೂ ಒಂದು ತೊಟ್ಟಿಲಿತ್ತು ಮಾನ್ಯರೇ. ನನ್ನ ಮದುವೆಯಾದ ವರ್ಷವೇ ನಮ್ಮ ಅತ್ತೆ ಆಸೆಯಿಂದ ಮಾಡಿಸಿದ್ದು. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರಲ್ಲ, ಹಾಗೆ. ಅದು ಕೊನೆಯವರೆಗೂ ಖಾಲಿಯೇ ಉಳಿಯಿತು. ಬೇರೆಯವರ ಮಕ್ಕಳನ್ನು ಸಾವಿರಗಟ್ಟಲೆ ಈ ಕೈಯಲ್ಲಿ ಎತ್ತಿಕೊಂಡೆ, ಅದರಲ್ಲಿ ನನಗೆ ಸಂತೋಷವೇ ಇದೆ, ದೂರು ಏನೂ ಇಲ್ಲ. ಆದರೆ ಖಾಲಿ ತೊಟ್ಟಿಲು ಗಾಳಿಗೆ ತಾನಾಗಿ ಅಲ್ಲಾಡಿದರೆ ಹೇಗಿರುತ್ತದೆ ಎಂಬುದು ನನಗೆ ಗೊತ್ತು. ಗಂಗಿ ಕೂರಬೇಕಾದ ಗಾಡಿಯನ್ನು ಮೂವರು ಗಂಡಸರು ಖಾಲಿ ತಳ್ಳುತ್ತಾರೆ ಎಂದುಕೊಂಡಾಗ ನನ್ನ ಭಾಷಣವೆಲ್ಲ ನನಗೇ ಮರೆತುಹೋಯಿತು.

ನಮ್ಮ ಕಡೆ ತೊಟ್ಟಿಲು ಶಾಸ್ತ್ರದಲ್ಲಿ ಮಗುವಿಗಿಂತ ಮುಂಚೆ ಒರಳಿನ ಗುಂಡುಕಲ್ಲನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಕುಲಾವಿ ತೊಡಿಸಿ ತೊಟ್ಟಿಲಲ್ಲಿ ಮಲಗಿಸುವುದು ತಮಗೂ ಗೊತ್ತಿರಬೇಕು. ಮಗು ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಎಂದು. ನಾನೂ ಕೊಂಡಮ್ಮನೂ ಶಿಶುಮಂದಿರದ ಅಡುಗೆಮನೆಗೆ ರಿಕ್ಷಾ ಕಳಿಸಿ ಗುಂಡುಕಲ್ಲನ್ನು ತರಿಸಿದೆವು. ಬೆಳಗಿನ ಇಡ್ಲಿ ಹಿಟ್ಟು ಇನ್ನೂ ಅಂಟಿಕೊಂಡಿತ್ತು. ಒರೆಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಚಳಿಯೆಂದು ಉಲನ್ ಟೋಪಿ ಹಾಕಿ, ಇಬ್ಬರೂ ಸೇರಿ ಎತ್ತಿ ಮಲಗಿಸಿದೆವು. ಭಾರದ ಯೋಚನೆ ನನ್ನ ತಲೆಗೆ ಬರಲೇ ಇಲ್ಲ. ಜೀವಮಾನದಲ್ಲಿ ಎಷ್ಟೋ ತೊಟ್ಟಿಲಿಗೆ ಕಲ್ಲು ಹಾಕಿದ್ದೇನೆ, ಯಾವ ತೊಟ್ಟಿಲನ್ನೂ ತಳ್ಳಿಕೊಂಡು ಹೋಗಿರಲಿಲ್ಲ. ತಾವು ಬರುವ ಮೊದಲು ಶಾಸ್ತ್ರಕ್ಕೆ ಒಂದು ಸಲ ಅಲ್ಲಾಡಿಸಿ, ದೋಷ ಕಳೆಯಿತೆಂದು ಕಲ್ಲನ್ನು ತೆಗೆದುಬಿಡಬೇಕೆಂದಿದ್ದೆ. ಅಷ್ಟರಲ್ಲಿ ತಮ್ಮ ಜೀಪು ಹಾರ್ನ್ ಹೊಡೆಯಿತು.

ಈಗ ತಮ್ಮ ವರದಿಯನ್ನು ಇನ್ನೊಮ್ಮೆ ಓದಿಕೊಳ್ಳಿ. ಗಾಡಿ ಎಡಕ್ಕೆ ಎಳೆಯಲಿಲ್ಲ, ಕಲ್ಲು ಎಡಕ್ಕೆ ಉರುಳಿತು. ಗುಡುಗುಡು ಶಬ್ದ ಜೋಡಣೆಯದಲ್ಲ, ಕಲ್ಲಿನದು. ಮಗು ಅಳಲಿಲ್ಲ ಯಾಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂಬದ ಹತ್ತಿರ ನಿಲ್ಲಿಸಿ ತಾವು ಟೋಪಿಯ ಕಡೆ ಕೈ ಚಾಚಿದಾಗ ನಾನು ಮಧ್ಯೆ ಬಂದೆ. ‘ಮಲಗಿದೆ ಸಾರ್, ಎಬ್ಬಿಸಬೇಡಿ’ ಎಂದೆ. ಕೈ ಹಿಂತೆಗೆದುಕೊಂಡಿರಿ. ಆಮೇಲೆ ತಮಿಳಿನಲ್ಲಿ, ಮಗು ಯಾರದು ಎಂದು ಕೇಳಿದಿರಿ. ‘ಎನ್ನೋಡದುದಾನ್ ಸಾರ್’ ಅಂದೆ, ನನ್ನದೇ ಎಂದೆ. ಅರವತ್ತಕ್ಕೆ ಒಂದೇ ವರ್ಷ ಬಾಕಿಯಿರುವ, ತಲೆಯೆಲ್ಲ ನರೆತ ಮುದುಕಿ ಈ ಮಾತು ಹೇಳಿದರೆ ಯಾರಾದರೂ ಒಂದು ಗಳಿಗೆ ನಿಂತು ನೋಡುತ್ತಾರೆ. ತಾವು ಸಂತೋಷ ಎಂದು ತಲೆಯಾಡಿಸಿ ಹತ್ತಕ್ಕೆ ಹತ್ತು ಬರೆದುಕೊಂಡು ವಡೆಯ ಕಡೆ ನಡೆದಿರಿ.

ಸುಳ್ಳು ಹೇಳಿದ್ದು ನಾನು, ತಪ್ಪು ನನ್ನದು, ಶಿಶುಮಂದಿರದಿಂದ ನನ್ನನ್ನು ತೆಗೆದುಹಾಕಿದರೂ ನ್ಯಾಯವೇ. ಆದರೆ ಸ್ವಾಮೀ, ನಾನೇನೋ ಬಟ್ಟೆ ಮುಚ್ಚಿದೆ, ತಾವು ಯಾಕೆ ಬಟ್ಟೆ ಎತ್ತಿ ನೋಡಲಿಲ್ಲ? ಮೂವರು ವಿದ್ಯಾವಂತರು, ಒಂದು ಜೀಪು, ನಾಲ್ಕು ಪುಟದ ಅಂಕಪಟ್ಟಿ, ಒಂದು ಗಂಟೆ ಹೊತ್ತು. ಚಕ್ರ ಅಳೆದಿರಿ, ಕಂಬಿ ಬಡಿದಿರಿ, ಬಣ್ಣ ಉಗುರಿನಲ್ಲಿ ಕೆರೆದಿರಿ. ಯಾರಿಗಾಗಿ ಗಾಡಿಯೋ ಅದರ ಮುಖ ನೋಡಲು ಪುರುಸೊತ್ತಿರಲಿಲ್ಲವೇ? ಒಂದು ಗಂಟೆ ಕಲ್ಲಿನ ಹಾಗೆ ಮಲಗಿರುವ ಮಗುವನ್ನು ಕಂಡರೆ ನಮ್ಮೂರಿನ ಯಾವ ತಾಯಿಯಾದರೂ ಗಾಬರಿಯಾಗಿ ಡಾಕ್ಟರ ಹತ್ತಿರ ಓಡುತ್ತಿದ್ದಳು. ತಾವು ಪೂರ್ತಿ ಅಂಕ ಕೊಟ್ಟಿರಿ.

ನಿನ್ನೆ ಮುನಿಯಲ್ಲಪ್ಪನಿಗೆ ಎಲ್ಲವನ್ನೂ ಹೇಳಿದೆ. ಕೀಸುಳಿ ಎತ್ತಿ ನನ್ನ ತಲೆಗೆ ಹಾಕುತ್ತಾನೆ ಎಂದುಕೊಂಡಿದ್ದೆ. ಅವನು ಕೀಸುಳಿಯನ್ನು ಕೆಳಗಿಟ್ಟ. ‘ಎಷ್ಟ್ ಕಿಲೋ ಅಂದ್ರಿ?’ ಎಂದ. ಹದಿನೇಳು, ರಾಗಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದ್ದೇನೆ ಎಂದೆ. ‘ಅದ್ನ ಹೊತ್ಕೊಂಡು ಒಂದ್ ಗಂಟೆ ತಿರುಗ್ತಾ? ಕಿರ್ರ್ ಅನ್ಲಿಲ್ವಾ?’ ಅನ್ನಲಿಲ್ಲ ಎಂದೆ. ‘ಅಚ್ಚು?’ ಹಾಗೇ ಇದೆ ಎಂದೆ. ಎದ್ದು ನಿಂತು ಪಂಚೆ ಕೊಡವಿಕೊಂಡ. ‘ಅಯ್ಯೋ ಜಾನಕಮ್ನೋರೇ, ಎರಡ್ ಕೂಸಿನ್ ಭಾರ ಹೊತ್ತದಲ್ಲಾ ನನ್ ಬಂಡಿ! ಇದ್ನ ಮೊದ್ಲೇ ಹೇಳ್ಬಾರ್ದಾ!’ ಎಂದು ಹೆಂಡತಿಯನ್ನು ಕರೆದ, ಪಕ್ಕದ ಮನೆಯವರನ್ನು ಕರೆದ, ಎಲ್ಲರ ಮುಂದೆ ಇನ್ನೊಮ್ಮೆ ನನ್ನ ಬಾಯಿಂದಲೇ ಹೇಳಿಸಿದ. ತೆಳ್ಳಗೆ ಉಜ್ಜಿದ ಅಚ್ಚನ್ನು ಒಲೆಗೆ ಹಾಕಿ ಅದರಲ್ಲೇ ನನಗೆ ಕಾಫಿ ಕಾಯಿಸಿಕೊಟ್ಟರು. ನನ್ನ ಆಯುಸ್ಸಿನಲ್ಲಿ ಅಷ್ಟು ರುಚಿಯಾದ ಕಾಫಿ ಕುಡಿದಿರಲಿಲ್ಲ.

ಇನ್ನು ನನ್ನ ಬೇಡಿಕೆ. ಮಾರ್ಚಿ ಒಂದಕ್ಕೆ ಮುಂಚೆ, ತಮಗೆ ಅನುಕೂಲವಾದ ಯಾವುದಾದರೂ ಕೆಲಸದ ದಿನ, ಬೆಳಿಗ್ಗೆ ಏಳೂಕಾಲಿಗೆ ಬಸ್ ಸ್ಟಾಪಿಗೆ ಬನ್ನಿ. ಜೀಪನ್ನು ಮನೆಯಲ್ಲೇ ಬಿಟ್ಟು ಬನ್ನಿ. ಮುನಿಯಲ್ಲಪ್ಪನ ಗಾಡಿಯೂ ಇರುತ್ತದೆ, ಮೂರು ಚಕ್ರದ ಮೇಲೆ ನಿಂತಿರುವ ಮದರಾಸಿನ ಗಾಡಿಗೆ ನಾಲ್ಕನೆಯದನ್ನು ನಾವೇ ಸಿಕ್ಕಿಸಿ ಇಟ್ಟಿರುತ್ತೇವೆ. ಅವತ್ತು ಮಾತ್ರ ರಾಮಕ್ಕ ಮೊದಲಿನ ಹಾಗೆ ಏಳೂವರೆಯ ಕೆಲಮಂಗಲದ ಬಸ್ಸಿನಿಂದ ಇಳಿಯುತ್ತಾಳೆ. ಒಂದರಲ್ಲಿ ಗಂಗಿಯನ್ನು ಕೂರಿಸಿ, ಟಿಫಿನ್ ಕ್ಯಾರಿಯರನ್ನೂ ಇಟ್ಟು, ತಾವೇ ಸ್ವಂತ ಕೈಯಿಂದ ಗೇಟಿನವರೆಗೆ ತಳ್ಳಿ. ಯಾವ ಗಾಡಿ ಎಂಬುದನ್ನು ಆರಿಸುವ ಸ್ವಾತಂತ್ರ್ಯ ತಮ್ಮದೇ. ಇನ್ನೊಂದರಲ್ಲಿ ಗುಂಡುಕಲ್ಲನ್ನು ಹಾಕಿಕೊಂಡು ತಮ್ಮ ಸದಸ್ಯರಿಬ್ಬರು ತಳ್ಳಲಿ, ಒಂದೊಂದು ಬೆರಳಿನಿಂದ. ಪಾಪಣ್ಣ ರೈಲ್ವೆ ಗೇಟಿನಲ್ಲಿ ಕಾದಿರುತ್ತಾನೆ. ಸೈರನ್ನಿಗೆ ಮುಂಚೆ ಮುಟ್ಟಿದರೆ ಅಂಕ ಹಾಕಿ. ಮುಟ್ಟದಿದ್ದರೆ ಆ ದಿನದ ತಡವನ್ನು ರಾಮಕ್ಕನ ಲೆಕ್ಕದಲ್ಲಲ್ಲ, ತಮ್ಮ ಲೆಕ್ಕದಲ್ಲಿ ಬರೆದುಕೊಳ್ಳುವಂತೆ ಸೂಪರ್‌ವೈಸರಿಗೆ ಒಂದು ಚೀಟಿ ಕೊಡಿ. ಹಾಗೆಯೇ, ರೈಲ್ವೆ ಗೇಟಿನಲ್ಲಿ ತಮ್ಮ ಮಾದರಿ ಗಾಡಿ ಚಕ್ರ ಕಳಚಿಕೊಂಡ ದಿನದ ಹನ್ನೊಂದು ನಿಮಿಷವನ್ನೂ ಅವಳ ಕಾಗದದಿಂದ ತೆಗೆಸಿ. ಆ ಹನ್ನೊಂದು ನಿಮಿಷ ಅವಳದ್ದಲ್ಲ.

ಹೊರಡುವ ಮುಂಚೆ ಮಾತ್ರ ಒಂದು ಕೆಲಸ ಮಾಡಿ. ಹೊದಿಕೆಯನ್ನು ಸರಿಸಿ ಒಳಗಿರುವುದರ ಮುಖ ನೋಡಿ. ಗಂಗಿ ಹೊಸಬರನ್ನು ಕಂಡರೆ ಅಳುತ್ತಾಳೆ, ತಮ್ಮನ್ನು ಕಂಡರೆ ಖಂಡಿತ ಅಳುತ್ತಾಳೆ, ಕಿವಿ ಗಡಚಿಕ್ಕುವ ಹಾಗೆ ಅಳುತ್ತಾಳೆ. ಅದಕ್ಕಾಗಿ ಅಂಕ ಕಡಿಮೆ ಮಾಡಬೇಡಿ. ನಾನು ಮೂವತ್ತೊಂದು ವರ್ಷ ಪ್ರತಿ ಹೆರಿಗೆಯಲ್ಲೂ ಕಾದು ಕೂತದ್ದು ಅದೊಂದು ಸದ್ದಿಗೇ.

ಇಂತಿ,
ತಮ್ಮ ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು ಪಡೆದ ಏಕೈಕ ಮಗುವಿನ ತಾಯಿ,
ಜಾನಕಮ್ಮ

(ಆ ಮಗು ಈಗ ಮತ್ತೆ ಒರಳಿಗೆ ಸೇರಿ, ನಾಳೆಯ ಇಡ್ಲಿಗೆ ರುಬ್ಬುತ್ತಿದೆ. ಇವತ್ತಿಗೂ ಅತ್ತಿಲ್ಲ.)